ಮಸ್ಕಿ ನೋಡದ ಪ್ರಿನ್ಸೆಪ್

ಮಸ್ಕಿ ಬಂಡೆಯ ಬ್ರಾಹ್ಮಿ ಲಿಪಿಯನ್ನ ಇವತ್ತು ಓದೋಕೆ ಆಗ್ತಿದೆ ಅಂದ್ರೆ ಅದಕ್ಕೆ ಜೇಮ್ಸ್ ಪ್ರಿನ್ಸೆಪ್ ಕಾರಣ. ಇವರು ಭಾಷಾ ಪ್ರೊಫೆಸರ್ ಅಲ್ಲ, ಒಂಥರಾ ನಮ್ಮವರೇ!

1799ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1819ರಲ್ಲಿ ಕಲ್ಕತ್ತಾ ಟಂಕಸಾಲೆಗೆ ಲೋಹ ಪರೀಕ್ಷೆಯ ಕೆಲಸಕ್ಕೆ ಬಂದರು. ಆಮೇಲೆ ಕಾಶಿಯಲ್ಲಿದ್ದಾಗ ಊರಿನ ನಕ್ಷೆ ಮಾಡಿದರು, ಕೊಳಚೆ ನೀರು ಹರಿಯೋಕೆ ಸುರಂಗ ಕಟ್ಟಿಸಿದರು.

ಕಲ್ಕತ್ತಾಕ್ಕೆ ವಾಪಸ್ ಬಂದ ಮೇಲೆ ಶಾಸನಗಳ ಹಿಂದೆ ಬಿದ್ದರು. 1837ರಲ್ಲಿ ಸಾಂಚಿ ಸ್ತೂಪದ ಚಿಕ್ಕ ಚಿಕ್ಕ ಬರಹಗಳಲ್ಲಿ ಒಂದು ಪ್ಯಾಟರ್ನ್ ಕಂಡಿತು. ಹೆಚ್ಚಿನವು ಅದೇ ಎರಡು ಅಕ್ಷರಗಳಲ್ಲಿ ಮುಗೀತಿದ್ದವು. ಇವು ಭಕ್ತರು ಕೊಟ್ಟ ಕಾಣಿಕೆಗಳ ಮೇಲಿನ ಬರಹ, ಹಾಗಾದ್ರೆ ಕೊನೆಯ ಪದ 'ದಾನಂ' ಇರಬೇಕು ಅಂತ ಊಹಿಸಿದರು. ದ, ನ ಸಿಕ್ಕ ಮೇಲೆ ಉಳಿದ ಅಕ್ಷರಗಳೂ ಬಿಚ್ಚಿಕೊಂಡವು.

ದೊಡ್ಡ ಶಾಸನಗಳಲ್ಲಿ ಮತ್ತೆ ಮತ್ತೆ ಬರೋ ರಾಜ 'ದೇವಾನಾಂಪ್ರಿಯ' ಯಾರು? ಮೊದಲು ಸಿಂಹಳದ ರಾಜ ಅಂದುಕೊಂಡರು. ಜಾರ್ಜ್ ಟರ್ನರ್ ಪಾಲಿ ಗ್ರಂಥಗಳ ಆಧಾರದಿಂದ ಅವನು ಅಶೋಕ ಅಂತ ತೋರಿಸಿದಾಗ ಒಪ್ಪಿಕೊಂಡರು. ಆದ್ರೆ ಆಗ ಸಿಕ್ಕಿದ್ದ ರಾಜಾಜ್ಞೆಗಳಲ್ಲಿ ಆ ಹೆಸರೇ ಇರಲಿಲ್ಲ.

ವಿಪರೀತ ದುಡಿಮೆಯಿಂದ ಆರೋಗ್ಯ ಕೆಟ್ಟು, 1840ರಲ್ಲಿ, 40ನೇ ವಯಸ್ಸಿಗೇ ಪ್ರಿನ್ಸೆಪ್ ತೀರಿಕೊಂಡರು.

75 ವರ್ಷ ಕಳೆದು, 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಶಾಸನ ಕಂಡರು. ಅದ್ರಲ್ಲಿ ದೇವಾನಾಂಪ್ರಿಯ ಅನ್ನೋ ಬಿರುದಿನ ಪಕ್ಕದಲ್ಲೇ ಅಶೋಕ ಅನ್ನೋ ಹೆಸರಿತ್ತು. ಉತ್ತರ ನಮ್ಮ ರಾಯಚೂರು ಜಿಲ್ಲೆಯ ಬಂಡೆ ಮೇಲಿತ್ತು, ಅದನ್ನ ಓದೋ ದಾರಿ ಮಾಡಿಕೊಟ್ಟವರು ಮಾತ್ರ ನೋಡಲೇ ಇಲ್ಲ.