ನಾಳಿನ ತಂಡವನ್ನು ಇಂದೇ ಕಟ್ಟಿದ ಬ್ರಾಂಚ್ ರಿಕಿ

1954ರ ನವೆಂಬರ್ 22ರಂದು ಅಮೆರಿಕದ ವೃತ್ತಿಪರ ಬೇಸ್‌ಬಾಲ್ ತಂಡಗಳ ಆಯ್ಕೆ ಸಭೆ ನಡೆಯಿತು. ಆ ವರ್ಷ ನ್ಯಾಷನಲ್ ಲೀಗಿನಲ್ಲಿ ಕಟ್ಟಕಡೆಯ ಸ್ಥಾನ ಪಡೆದಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಮೊದಲ ಆಯ್ಕೆಯ ಹಕ್ಕು ದೊರೆತಿತ್ತು. ಅದು 4000 ಡಾಲರ್ ತೆತ್ತು ಬ್ರೂಕ್ಲಿನ್ ಡಾಡ್ಜರ್ಸ್ ಬಳಗದಲ್ಲಿದ್ದ ಇಪ್ಪತ್ತು ವರ್ಷದ ಯುವಕನೊಬ್ಬನನ್ನು ತನ್ನದಾಗಿಸಿಕೊಂಡಿತು. ಪೋರ್ಟೊರಿಕೊ ದ್ವೀಪದ ಆ ಯುವಕನ ಹೆಸರು ರೊಬರ್ಟೊ ಕ್ಲೆಮೆಂಟೆ. ಮುಂದೆ ಬೇಸ್‌ಬಾಲ್ ಇತಿಹಾಸದ ಅತಿಶ್ರೇಷ್ಠರ ಸಾಲಿನಲ್ಲಿ ನಿಂತ ಆಟಗಾರ. ಅವನನ್ನು ಪಡೆದ ತಂಡದ ಜನರಲ್ ಮ್ಯಾನೇಜರ್ ಬ್ರಾಂಚ್ ರಿಕಿ. ಅವನನ್ನು ಕಳೆದುಕೊಂಡ ಡಾಡ್ಜರ್ಸ್ ತಂಡವನ್ನು ನಾಲ್ಕು ವರ್ಷಗಳ ಹಿಂದಿನವರೆಗೆ ಕಟ್ಟಿ ಬೆಳೆಸಿದವರೂ ಅದೇ ರಿಕಿ.

ಬೇಸ್‌ಬಾಲ್ ಅಭಿಮಾನಿಗಳಿಗೆ ಮೈದಾನದ ಆಟದಷ್ಟೇ ಆಸಕ್ತಿ ಆಟಗಾರರ ಪಟ್ಟಿಯ ಬಗೆಗೂ ಇರುತ್ತದೆ. ತಂಡವೊಂದು ತನ್ನ ಪಟ್ಟಿಯಿಂದ ಕೈಬಿಡಲು ಬಯಸಿದ ಆಟಗಾರನನ್ನು ಇತರ ತಂಡಗಳ ಮುಂದಿಡುವ ಪದ್ಧತಿಗೆ ವೇವರ್ ಎಂದು ಹೆಸರು. ಬಯಸಿದ ತಂಡ ಅವನ ಮೇಲೆ ಹಕ್ಕು ಮಂಡಿಸಬಹುದು. ಒಂದಕ್ಕಿಂತ ಹೆಚ್ಚು ತಂಡಗಳು ಮುಂದೆ ಬಂದರೆ ಕಳಪೆ ಸಾಧನೆಯ ತಂಡಕ್ಕೆ ಆದ್ಯತೆ. ಹಾಗೆ ಬಂದವನು ಯಾರ ಜಾಗವನ್ನು ತುಂಬುತ್ತಾನೆ, ಅವನಿಗಾಗಿ ಹೊರಹೋಗಬೇಕಾದವನು ಯಾರು, ಮೂರು ವರ್ಷಗಳ ನಂತರ ತಂಡ ಹೇಗಿರುತ್ತದೆ ಎಂಬ ಚರ್ಚೆಗೆ ಕೊನೆಯೇ ಇಲ್ಲ. ಇಂದಿನ ಗೆಲುವೇ, ನಾಳಿನ ತಂಡವೇ ಎಂಬ ಈ ವಾದದಲ್ಲಿ ನಾಳಿನ ಪಕ್ಷವನ್ನು ಜೀವನವಿಡೀ ಹಿಡಿದು ನಿಂತವರು ರಿಕಿ. ಅದರಿಂದ ಅವರು ಗಳಿಸಿದ ಕೀರ್ತಿಯಷ್ಟೇ ಟೀಕೆಯೂ ದೊಡ್ಡದು.

ಭಾನುವಾರ ಆಡದ ಆಟಗಾರ

ವೆಸ್ಲಿ ಬ್ರಾಂಚ್ ರಿಕಿ ಜನಿಸಿದ್ದು 1881ರ ಡಿಸೆಂಬರ್ 20ರಂದು, ಓಹಿಯೊ ರಾಜ್ಯದ ದಕ್ಷಿಣ ಭಾಗದ ಗ್ರಾಮೀಣ ಪ್ರದೇಶದಲ್ಲಿ. ಅದು ಮೆಥಡಿಸ್ಟ್ ಪಂಥದ ಕಟ್ಟಾ ಧಾರ್ಮಿಕ ರೈತ ಕುಟುಂಬ. ಭಾನುವಾರ ದೇವರ ದಿನ, ಅಂದು ಆಟವಾಡುವುದಿಲ್ಲ ಎಂದು ತಾಯಿಗೆ ಕೊಟ್ಟ ಮಾತನ್ನು ಅವರು ವೃತ್ತಿಜೀವನದಲ್ಲೂ ಉಳಿಸಿಕೊಂಡರು. 1904ರಲ್ಲಿ ಸಿನ್ಸಿನಾಟಿ ರೆಡ್ಸ್ ತಂಡ ಅವರನ್ನು ಸೇರಿಸಿಕೊಂಡು, ಭಾನುವಾರದ ಪಂದ್ಯಗಳಿಗೆ ಬರಲೊಲ್ಲೆ ಎಂದ ಕಾರಣಕ್ಕೇ ಹೊರಗಟ್ಟಿತು.

ಆಟಗಾರನಾಗಿ ರಿಕಿ ಸಾಮಾನ್ಯರು. ಅವರು ಕ್ಯಾಚರ್, ಅಂದರೆ ಕ್ರಿಕೆಟ್ಟಿನ ವಿಕೆಟ್ ಕೀಪರನಂತೆ ದಾಂಡಿಗನ ಹಿಂದೆ ಕುಳಿತು ಚೆಂಡು ಹಿಡಿಯುವವರು. ನ್ಯೂಯಾರ್ಕ್ ಹೈಲ್ಯಾಂಡರ್ಸ್ ಪರ ಆಡುತ್ತಿದ್ದಾಗ, 1907ರ ಜೂನ್ 28ರಂದು, ಭುಜದ ನೋವಿನಿಂದ ಬಳಲುತ್ತಿದ್ದ ಅವರ ಎದುರು ವಾಷಿಂಗ್ಟನ್ ತಂಡದವರು ಒಂದೇ ಪಂದ್ಯದಲ್ಲಿ 13 ಬೇಸ್‌ಗಳನ್ನು ಕದ್ದರು. ದಾಖಲೆ ಪುಸ್ತಕದಲ್ಲಿ ಆಟಗಾರ ರಿಕಿಯ ಹೆಸರು ಉಳಿದಿರುವುದು ಈ ಸೋಲಿನಿಂದ.

ಬಳಿಕ ಕ್ಷಯರೋಗ ತಗುಲಿತು. ಸರಾನಾಕ್ ಲೇಕ್ ಆರೋಗ್ಯಧಾಮದಲ್ಲಿ ಚಿಕಿತ್ಸೆ ಪಡೆದು ಚೇತರಿಸಿಕೊಂಡು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಪದವಿ ಪಡೆದರು. ಜೊತೆಜೊತೆಗೆ ಅಲ್ಲಿನ ಬೇಸ್‌ಬಾಲ್ ತಂಡಕ್ಕೆ ತರಬೇತಿ ಕೊಟ್ಟರು. ಐಡಹೊ ರಾಜ್ಯದ ಬಾಯ್ಸಿಯಲ್ಲಿ ತೆರೆದ ವಕೀಲಿಕೆ ಕೈಹತ್ತಲಿಲ್ಲ. 1913ರಲ್ಲಿ ಸೇಂಟ್ ಲೂಯಿಸ್ ಬ್ರೌನ್ಸ್ ತಂಡದ ಕರೆಗೆ ಓಗೊಟ್ಟು ಮತ್ತೆ ಬೇಸ್‌ಬಾಲಿಗೆ ಮರಳಿದರು. ಈ ಬಾರಿ ಅಂಗಳದ ಹೊರಗಿನ ಕೆಲಸಕ್ಕೆ.

ಕೊಳ್ಳಲಾಗದಿದ್ದರೆ ಬೆಳೆಸು

1917ರಲ್ಲಿ ರಿಕಿ ಅದೇ ನಗರದ ಮತ್ತೊಂದು ತಂಡವಾದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಸೇರಿದರು. ಬೊಕ್ಕಸ ಬರಿದಾಗಿದ್ದ ತಂಡವದು. ಆ ಕಾಲದಲ್ಲಿ ಮೈನರ್ ಲೀಗ್ ತಂಡಗಳು ಸ್ವತಂತ್ರವಾಗಿದ್ದವು; ತಾವು ಬೆಳೆಸಿದ ಹುಡುಗರನ್ನು ಮೇಜರ್ ಲೀಗಿನ ತಂಡಗಳಿಗೆ ಮಾರಿ ಬದುಕುತ್ತಿದ್ದವು. ಪ್ರತಿಭೆಯನ್ನು ಗುರುತಿಸುವುದರಲ್ಲಿ ರಿಕಿ ನಿಸ್ಸೀಮರು. ಆದರೆ ಅವರು ಬೆರಳು ತೋರಿದ ಆಟಗಾರನಿಗೆ ನ್ಯೂಯಾರ್ಕಿನಂತಹ ಶ್ರೀಮಂತ ತಂಡಗಳು ಹೆಚ್ಚು ಬೆಲೆ ಕಟ್ಟಿ ಕೊಂಡೊಯ್ಯುತ್ತಿದ್ದವು.

ಸಂತೆಯಲ್ಲಿ ಕೊಳ್ಳಲು ಹಣವಿಲ್ಲದವನು ತನ್ನ ಹೊಲದಲ್ಲೇ ಬೆಳೆದುಕೊಳ್ಳಬೇಕು. ರಿಕಿ ಮಾಡಿದ್ದು ಇದನ್ನೇ. ಹ್ಯೂಸ್ಟನ್, ಫೋರ್ಟ್ ಸ್ಮಿತ್, ಸಿರಾಕ್ಯೂಸ್ ಮೊದಲಾದ ಊರುಗಳ ಕಿರಿಯ ತಂಡಗಳಲ್ಲಿ ಪಾಲು ಕೊಂಡರು; ಕೆಲವನ್ನು ಇಡಿಯಾಗಿಯೇ ಕೊಂಡರು. ನೂರಾರು ಹುಡುಗರನ್ನು ಅಗ್ಗದ ಸಂಬಳಕ್ಕೆ ಸೇರಿಸಿ, ಕೆಳಗಿನ ಹಂತದಿಂದ ಮೇಲಿನ ಹಂತಕ್ಕೆ ಏರಿಸುತ್ತಾ, ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಂಡರು. ಇದಕ್ಕೆ ಫಾರ್ಮ್ ಪದ್ಧತಿ ಎಂಬ ಹೆಸರು ಬಂತು. ಒಂದು ಹಂತದಲ್ಲಿ ಕಾರ್ಡಿನಲ್ಸ್ ಹಿಡಿತದಲ್ಲಿ ಮೂವತ್ತಕ್ಕೂ ಹೆಚ್ಚು ಕಿರಿಯ ತಂಡಗಳಿದ್ದವು.

ತಂಡದ ಮ್ಯಾನೇಜರ್ ಆಗಿ ಅಂಗಳದ ತಂತ್ರ ರೂಪಿಸುವ ಹೊಣೆಯಲ್ಲಿ ಮಾತ್ರ ರಿಕಿಗೆ ಯಶಸ್ಸು ಸಿಗಲಿಲ್ಲ. 1925ರಲ್ಲಿ ಮಾಲೀಕ ಸ್ಯಾಮ್ ಬ್ರೆಡನ್ ಆ ಹೊಣೆಯನ್ನು ಆಟಗಾರ ರೋಜರ್ಸ್ ಹಾರ್ನ್ಸ್‌ಬಿ ಅವರಿಗೆ ವಹಿಸಿ, ರಿಕಿಯನ್ನು ಆಡಳಿತಕ್ಕೆ ಸೀಮಿತಗೊಳಿಸಿದರು. ಮರುವರ್ಷವೇ ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದಿತು. 1931, 1934 ಮತ್ತು 1942ರಲ್ಲಿ ಮತ್ತೆ ಗೆದ್ದಿತು. 1934ರ ತಂಡದ ಡಿಜಿ ಡೀನ್, 1942ರ ತಂಡದ ಸ್ಟ್ಯಾನ್ ಮ್ಯೂಸಿಯಲ್ ಇಬ್ಬರೂ ರಿಕಿಯ ಹೊಲದಲ್ಲಿ ಬೆಳೆದವರು.

ಈ ಬೆಳೆಗೆ ಇನ್ನೊಂದು ಮುಖವಿತ್ತು. ಆಟಗಾರ ಒಮ್ಮೆ ರುಜು ಹಾಕಿದನೆಂದರೆ ತಂಡ ಬಿಡುವ ತನಕ ಅವನಿಗೆ ಬಿಡುಗಡೆಯಿಲ್ಲ. ಬೇರೆ ತಂಡದಲ್ಲಿ ಮಿಂಚಬಹುದಾಗಿದ್ದ ಎಷ್ಟೋ ಹುಡುಗರು ಕಾರ್ಡಿನಲ್ಸ್‌ನ ಕಿರಿಯ ತಂಡಗಳಲ್ಲಿ ಸರದಿಗಾಗಿ ಕಾಯುತ್ತಲೇ ವಯಸ್ಸು ಕಳೆದರು. ಬೇಸ್‌ಬಾಲ್ ಆಯುಕ್ತ ನ್ಯಾಯಮೂರ್ತಿ ಕೆನೆಸಾ ಮೌಂಟನ್ ಲ್ಯಾಂಡಿಸ್ ಈ ಪದ್ಧತಿಯ ಕಡುವಿರೋಧಿ. ನಿಯಮ ಮೀರಿ ಆಟಗಾರರನ್ನು ಅಡಗಿಸಿಟ್ಟುಕೊಂಡ ಕಾರಣಕ್ಕೆ 1938ರಲ್ಲಿ ಅವರು ಕಾರ್ಡಿನಲ್ಸ್‌ನ 70ಕ್ಕೂ ಹೆಚ್ಚು ಕಿರಿಯ ಆಟಗಾರರನ್ನು ಬಂಧಮುಕ್ತಗೊಳಿಸಿದರು. ಸಂಬಳದ ಚೌಕಾಶಿಯಲ್ಲಿ ರಿಕಿಯ ಜಿಪುಣತನ ಪತ್ರಿಕೆಗಳಿಗೆ ನಿತ್ಯದ ಗ್ರಾಸವಾಗಿತ್ತು.

ವರ್ಣಭೇದದ ಗೋಡೆಗೆ ಪೆಟ್ಟು

1942ರ ಕೊನೆಯಲ್ಲಿ ರಿಕಿ ಬ್ರೂಕ್ಲಿನ್ ಡಾಡ್ಜರ್ಸ್ ಸೇರಿದರು. ಎರಡನೆಯ ಮಹಾಯುದ್ಧದ ಕಾಲ. ಹುಡುಗರೆಲ್ಲ ಸೈನ್ಯಕ್ಕೆ ಹೋಗುತ್ತಿದ್ದುದರಿಂದ ಉಳಿದ ತಂಡಗಳು ಪ್ರತಿಭಾನ್ವೇಷಣೆಗೆ ಹಣ ಹಾಕಲು ಹಿಂಜರಿದವು. ರಿಕಿ ಮಾತ್ರ ಯುದ್ಧ ಮುಗಿದ ನಂತರದ ತಂಡದ ಲೆಕ್ಕ ಹಾಕಿ ಹದಿಹರೆಯದವರನ್ನು ಸೇರಿಸಿಕೊಳ್ಳುತ್ತಾ ಹೋದರು. ಅವರ ದೃಷ್ಟಿ ಇನ್ನೂ ದೂರಕ್ಕೆ ಹರಿದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿಯವರೆಗೆ ಒಬ್ಬನೇ ಒಬ್ಬ ಕಪ್ಪು ಆಟಗಾರನಿಗೂ ಮೇಜರ್ ಲೀಗಿನ ಬಾಗಿಲು ತೆರೆದಿರಲಿಲ್ಲ.

ಓಹಿಯೊ ವೆಸ್ಲಿಯನ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾಗಿದ್ದ ಯೌವನದ ದಿನಗಳ ಘಟನೆಯೊಂದನ್ನು ರಿಕಿ ಜೀವನದುದ್ದಕ್ಕೂ ಸ್ಮರಿಸುತ್ತಿದ್ದರು. ಸೌತ್ ಬೆಂಡ್ ಪಟ್ಟಣದ ಹೋಟೆಲೊಂದು ತಂಡದ ಕಪ್ಪು ಆಟಗಾರ ಚಾರ್ಲ್ಸ್ ಥಾಮಸ್‌ಗೆ ಕೋಣೆ ನಿರಾಕರಿಸಿತು. ರಿಕಿ ಪಟ್ಟು ಹಿಡಿದು ತಮ್ಮ ಕೋಣೆಯಲ್ಲೇ ಅವನಿಗೆ ಮಂಚ ಹಾಕಿಸಿದರು. ಅಂದು ರಾತ್ರಿ ಆ ಹುಡುಗ ತನ್ನ ಕೈಗಳ ಬಣ್ಣವನ್ನೇ ಉಜ್ಜಿ ತೆಗೆಯಲು ಹವಣಿಸುತ್ತಾ ಅತ್ತದ್ದನ್ನು ತಾವು ಮರೆಯಲಾಗಲಿಲ್ಲವೆಂದು ಅವರು ಹೇಳಿಕೊಳ್ಳುತ್ತಿದ್ದರು.

1945ರ ಆಗಸ್ಟ್ 28ರಂದು ಬ್ರೂಕ್ಲಿನ್ನಿನ ಮಾಂಟೆಗ್ಯು ಬೀದಿಯ ಕಚೇರಿಗೆ ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಜಾಕಿ ರಾಬಿನ್ಸನ್ ಅವರನ್ನು ಕರೆಸಿಕೊಂಡರು. ಎದುರಾಗಬಹುದಾದ ಬೈಗುಳ, ಅವಮಾನಗಳನ್ನೆಲ್ಲ ರಿಕಿ ತಾವೇ ಅಭಿನಯಿಸಿ ತೋರಿಸಿ, ತಿರುಗಿ ಬೀಳದೆ ಸಹಿಸುವ ಧೈರ್ಯವನ್ನು ಬೇಡಿದರು. ರಾಬಿನ್ಸನ್ ಒಪ್ಪಿದರು. ಒಂದು ವರ್ಷ ಮಾಂಟ್ರಿಯಲ್‌ನ ಕಿರಿಯ ತಂಡದಲ್ಲಿ ಆಡಿ, 1947ರ ಏಪ್ರಿಲ್ 15ರಂದು ಎಬೆಟ್ಸ್ ಫೀಲ್ಡ್ ಅಂಗಳದಲ್ಲಿ ಡಾಡ್ಜರ್ಸ್ ಪರ ಕಣಕ್ಕಿಳಿದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವರದಾಯಿತು. ಡಾಡ್ಜರ್ಸ್ ಲೀಗ್ ಗೆದ್ದಿತು. ಅವರ ಹಿಂದೆಯೇ ರಾಯ್ ಕ್ಯಾಂಪನೆಲ್ಲಾ, ಡಾನ್ ನ್ಯೂಕೊಂಬ್ ಬಂದರು.

ಇದರಲ್ಲಿ ಧರ್ಮಬುದ್ಧಿ ಎಷ್ಟು, ವ್ಯವಹಾರಬುದ್ಧಿ ಎಷ್ಟು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಯಾರೂ ಮುಟ್ಟದ ಪ್ರತಿಭೆಯ ಗಣಿಗೆ ಮೊದಲು ಕೈಹಾಕಿದವನಿಗೆ ಲಾಭ ಖಚಿತವೆಂಬುದು ರಿಕಿಗೆ ತಿಳಿದಿತ್ತು. ರಾಬಿನ್ಸನ್‌ರನ್ನು ಕರೆತಂದದ್ದಕ್ಕೆ ಮೊನಾರ್ಕ್ಸ್ ತಂಡಕ್ಕೆ ಅವರು ಚಿಕ್ಕಾಸನ್ನೂ ಕೊಡಲಿಲ್ಲ. ತಾರೆಗಳನ್ನು ಕಳೆದುಕೊಂಡ ನೀಗ್ರೊ ಲೀಗುಗಳು ಕೆಲವೇ ವರ್ಷಗಳಲ್ಲಿ ಸೊರಗಿದವು. ಆದರೂ ಇತರ ಮಾಲೀಕರು ಮೌನವಾಗಿ ಕಾಪಾಡಿಕೊಂಡು ಬಂದಿದ್ದ ಗೋಡೆಗೆ ಮೊದಲ ಪೆಟ್ಟು ಕೊಟ್ಟವರು ಅವರೇ ಎಂಬುದನ್ನು ಅಲ್ಲಗಳೆಯಲಾಗದು.

ತಂಡ ಕಟ್ಟುವ ಕೆಲಸಕ್ಕೆ ಲೆಕ್ಕಶಾಸ್ತ್ರವನ್ನು ತಂದದ್ದೂ ಇದೇ ಕಾಲದಲ್ಲಿ. 1947ರಲ್ಲಿ ಅಲನ್ ರಾತ್ ಎಂಬ ಅಂಕಿಅಂಶ ತಜ್ಞರನ್ನು ಪೂರ್ಣಾವಧಿಗೆ ನೇಮಿಸಿಕೊಂಡರು. ಯಾವ ಆಟಗಾರನನ್ನು ಯಾವಾಗ ಬಿಟ್ಟುಕೊಡಬೇಕೆಂಬ ನಿರ್ಧಾರಕ್ಕೆ ಅಂಕಿಗಳು ಆಧಾರವಾದವು. ಇಳಿಮುಖ ಎಲ್ಲರ ಕಣ್ಣಿಗೆ ಬೀಳುವ ಮುನ್ನವೇ ಆಟಗಾರನನ್ನು ಮಾರಿಬಿಡುವುದು ರಿಕಿಯ ನೀತಿ.

ಸೋಲಿನ ವರ್ಷಗಳು

1950ರಲ್ಲಿ ಡಾಡ್ಜರ್ಸ್‌ನ ಒಡೆತನದ ಜಗ್ಗಾಟದಲ್ಲಿ ವಾಲ್ಟರ್ ಓಮ್ಯಾಲಿ ಮೇಲುಗೈ ಸಾಧಿಸಿದರು. ರಿಕಿ ತಮ್ಮ ಕಾಲುಭಾಗದ ಪಾಲನ್ನು ಸುಮಾರು 10 ಲಕ್ಷ ಡಾಲರಿಗೆ ಮಾರಿ ಪಿಟ್ಸ್‌ಬರ್ಗಿಗೆ ಹೋದರು. ವಯಸ್ಸು ಎಪ್ಪತ್ತರ ಅಂಚಿನಲ್ಲಿತ್ತು.

ಅಲ್ಲಿ ಅವರು ಹಳೆಯ ತಂಡವನ್ನು ಕಳಚಿ ಹದಿಹರೆಯದವರನ್ನು ಕಣಕ್ಕಿಳಿಸಿದರು. 1952ರಲ್ಲಿ ಪೈರೇಟ್ಸ್ 42 ಪಂದ್ಯ ಗೆದ್ದು 112 ಸೋತಿತು. ಆಗ ಜನರನ್ನು ಮೈದಾನಕ್ಕೆ ಎಳೆಯುತ್ತಿದ್ದುದು ರಾಲ್ಫ್ ಕೈನರ್ ಒಬ್ಬರೇ. 1946ರಿಂದ 1952ರವರೆಗೆ ಸತತ ಏಳು ವರ್ಷ ನ್ಯಾಷನಲ್ ಲೀಗಿನ ಹೋಮ್ ರನ್ ಪಟ್ಟಿಯ ಅಗ್ರಸ್ಥಾನದಲ್ಲಿದ್ದ ಅವರನ್ನು 1953ರ ಜೂನ್‌ನಲ್ಲಿ ರಿಕಿ ಶಿಕಾಗೊ ಕಬ್ಸ್‌ಗೆ ಬಿಟ್ಟುಕೊಟ್ಟರು. ಪಿಟ್ಸ್‌ಬರ್ಗ್ ಕೆರಳಿತು. ಇರುವ ಒಂದೇ ದೀಪವನ್ನೂ ಆರಿಸಿದ ಮುದುಕನಿಗೆ ತಂಡ ಕಟ್ಟಲು ಬರುತ್ತದೆಯೇ ಎಂಬುದು ಒಂದು ವಾದ. ಕೊನೆಯ ಸ್ಥಾನದ ತಂಡಕ್ಕೆ ದುಬಾರಿ ತಾರೆ ಏಕೆ ಎಂಬುದು ಮತ್ತೊಂದು. 1952ರಿಂದ 1955ರವರೆಗೆ ನಾಲ್ಕೂ ವರ್ಷ ತಂಡ ಕೊನೆಯ ಸ್ಥಾನ ಬಿಟ್ಟು ಮೇಲೇಳಲಿಲ್ಲ.

ಕ್ಲೆಮೆಂಟೆ ಕೈಗೆ ಸಿಕ್ಕದ್ದು ಈ ಸೋಲಿನ ನಡುವೆ. ರುಜುವಿಗೆ 4000 ಡಾಲರಿಗಿಂತ ಹೆಚ್ಚು ಬೋನಸ್ ಪಡೆದ ಹುಡುಗನನ್ನು ಮೇಜರ್ ಲೀಗ್ ತಂಡದಲ್ಲಿ ಎರಡು ವರ್ಷ ಉಳಿಸಿಕೊಳ್ಳಬೇಕು, ಇಲ್ಲವಾದರೆ ಇತರರು ಅವನನ್ನು ಆಯ್ದುಕೊಳ್ಳಬಹುದು ಎಂಬ ನಿಯಮ ಆಗಿತ್ತು. ಡಾಡ್ಜರ್ಸ್ ಕ್ಲೆಮೆಂಟೆಗೆ 10,000 ಡಾಲರ್ ಬೋನಸ್ ಕೊಟ್ಟಿತ್ತು. ಪಟ್ಟಿಯಲ್ಲಿ ಜಾಗವಿಲ್ಲದೆ ಮಾಂಟ್ರಿಯಲ್‌ಗೆ ಕಳಿಸಿತ್ತು. ಬೇರೊಬ್ಬ ಪಿಚರನನ್ನು ನೋಡಲು ಹೋದ ರಿಕಿಯ ಪ್ರತಿಭಾನ್ವೇಷಕ ಕ್ಲೈಡ್ ಸುಕೆಫೋರ್ತ್ ಅವರ ಕಣ್ಣು ಅಭ್ಯಾಸದ ವೇಳೆ ಈ ಹುಡುಗನ ಎಸೆತದ ಮೇಲೆ ಬಿತ್ತು. ರಾಬಿನ್ಸನ್‌ರನ್ನು 1945ರಲ್ಲಿ ಬ್ರೂಕ್ಲಿನ್ನಿಗೆ ಕರೆತಂದವರೂ ಇದೇ ಸುಕೆಫೋರ್ತ್. ಕೊನೆಯ ಸ್ಥಾನದ ಅವಮಾನವೇ ಮೊದಲ ಆಯ್ಕೆಯ ವರವಾಯಿತು.

ಫಲ ಉಣ್ಣಲು ರಿಕಿ ಅಲ್ಲಿರಲಿಲ್ಲ. 1955ರ ಋತುವಿನ ನಂತರ ಅವರು ಜನರಲ್ ಮ್ಯಾನೇಜರ್ ಹುದ್ದೆ ಬಿಟ್ಟರು. 1960ರಲ್ಲಿ ಪೈರೇಟ್ಸ್ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಏಳನೆಯ ಪಂದ್ಯದ ಕೊನೆಯ ಹೊಡೆತದಲ್ಲಿ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದಿತು. ಆ ಹೋಮ್ ರನ್ ಹೊಡೆದ ಬಿಲ್ ಮಾಜೆರೋಸ್ಕಿ, ಏಳೂ ಪಂದ್ಯಗಳಲ್ಲಿ ಹಿಟ್ ಗಳಿಸಿದ ಕ್ಲೆಮೆಂಟೆ, ಡಿಕ್ ಗ್ರೋಟ್, ಎಲ್ರಾಯ್ ಫೇಸ್ ಎಲ್ಲರೂ ರಿಕಿಯ ಅವಧಿಯಲ್ಲಿ ತಂಡ ಸೇರಿದವರು. ಕ್ಲೆಮೆಂಟೆ ಒಟ್ಟು 3000 ಹಿಟ್ ಗಳಿಸಿ, 1972ರ ಡಿಸೆಂಬರ್ 31ರಂದು ನಿಕರಾಗುವದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದಾಗ ವಿಮಾನ ಅಪಘಾತದಲ್ಲಿ ಅಸುನೀಗಿದರು.

ಕೊನೆಯ ದಿನಗಳು

ವಿಶ್ರಾಂತಿ ರಿಕಿಗೆ ಒಗ್ಗಲಿಲ್ಲ. 1959ರಲ್ಲಿ ಕಾಂಟಿನೆಂಟಲ್ ಲೀಗ್ ಎಂಬ ಮೂರನೆಯ ಮೇಜರ್ ಲೀಗಿನ ಅಧ್ಯಕ್ಷರಾದರು. ಅದು ಒಂದೂ ಪಂದ್ಯ ಆಡದೆ 1960ರಲ್ಲಿ ಮುಚ್ಚಿತಾದರೂ, ಅದರ ಒತ್ತಡಕ್ಕೆ ಮಣಿದ ಹಳೆಯ ಲೀಗುಗಳು ಹೊಸ ತಂಡಗಳಿಗೆ ಅವಕಾಶ ಕೊಟ್ಟವು. 1962ರಲ್ಲಿ ಕಾರ್ಡಿನಲ್ಸ್‌ಗೆ ಸಲಹೆಗಾರರಾಗಿ ಮರಳಿದರು. ತಾವೇ ಬೆಳೆಸಿದ ಮ್ಯೂಸಿಯಲ್ ಇನ್ನು ನಿವೃತ್ತರಾಗಲಿ ಎಂದು ಸೂಚಿಸಿ ನಗರದ ಕೋಪಕ್ಕೆ ಗುರಿಯಾದರು. ಕಳೆದ ಕೀರ್ತಿಗೆ ಪಟ್ಟಿಯಲ್ಲಿ ಜಾಗವಿಲ್ಲವೆಂಬ ನೀತಿಯನ್ನು ಎಂಬತ್ತು ದಾಟಿದ ಮೇಲೂ ಅವರು ಸಡಿಲಿಸಲಿಲ್ಲ. ಅದೇ ನೀತಿ ಅವರಿಗೂ ಅನ್ವಯವಾಯಿತು. 1964ರಲ್ಲಿ ಕಾರ್ಡಿನಲ್ಸ್ ಪ್ರಶಸ್ತಿ ಗೆದ್ದ ಬೆನ್ನಿಗೇ ಸಲಹೆಗಾರ ಹುದ್ದೆ ಕೈತಪ್ಪಿತು.

1965ರ ನವೆಂಬರ್ 13ರಂದು ಮಿಸೌರಿ ರಾಜ್ಯದ ಕ್ರೀಡಾ ಗೌರವ ಸ್ವೀಕರಿಸಿ ಭಾಷಣ ಮಾಡುತ್ತಿದ್ದಾಗ ವೇದಿಕೆಯಲ್ಲೇ ಕುಸಿದರು. ಮತ್ತೆ ಪ್ರಜ್ಞೆ ಮರಳದೆ ಡಿಸೆಂಬರ್ 9ರಂದು, ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. 1967ರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಅವರನ್ನು ಮರಣೋತ್ತರವಾಗಿ ಸೇರಿಸಿಕೊಂಡಿತು. ಆಟಗಾರನನ್ನು ಬದುಕಿಡೀ ಒಂದೇ ತಂಡಕ್ಕೆ ಕಟ್ಟಿಹಾಕುತ್ತಿದ್ದ ನಿಯಮ 1975ರ ಮಧ್ಯಸ್ಥಿಕೆ ತೀರ್ಪಿನಿಂದ ಮುರಿದುಬಿತ್ತು. ರಿಕಿಯ ಜಿಪುಣತನಕ್ಕೆ ಬೆನ್ನೆಲುಬಾಗಿದ್ದದ್ದು ಆ ನಿಯಮವೇ.

ಫಾರ್ಮ್ ಪದ್ಧತಿ ಇಂದು ಎಲ್ಲ ಮೇಜರ್ ಲೀಗ್ ತಂಡಗಳ ಆಧಾರ. ಕ್ಲೆಮೆಂಟೆಯನ್ನು ಪಡೆದ ಬಗೆಯ ಆಯ್ಕೆ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಹಾಗೆ ಆಯ್ದವನನ್ನು ಒಂದು ಪೂರ್ಣ ಋತು ಮುಖ್ಯ ತಂಡದಲ್ಲಿ ಉಳಿಸಿಕೊಳ್ಳಲಾಗದಿದ್ದರೆ ವೇವರ್‌ಗೆ ಹಾಕಿ, ಯಾರೂ ಕೇಳದಿದ್ದರೆ ಮೂಲ ತಂಡಕ್ಕೆ ಮರಳಿಸಲು ಮುಂದಾಗಬೇಕು. ಹಾಗಾಗಿ ಅಪರಿಚಿತ ಹೆಸರೊಂದು ಪಟ್ಟಿಗೆ ಸೇರಿದಾಗಲೆಲ್ಲ ಅಭಿಮಾನಿಗಳ ನಡುವೆ ಹಳೆಯ ವಾದ ಮತ್ತೆ ಹೊತ್ತಿಕೊಳ್ಳುತ್ತದೆ. ಆ ಹೆಸರು ಹೆಚ್ಚಿನ ಸಲ ಒಂದೆರಡು ವರ್ಷಗಳಲ್ಲಿ ಮರೆತುಹೋಗುತ್ತದೆ. ಎಂದೋ ಒಮ್ಮೆ ಅದು ಕ್ಲೆಮೆಂಟೆಯದಾಗಿರುತ್ತದೆ.