ಸಹೋದರರನ್ನು ಕಸಿದ ಕಾಯಿಲೆ, ಕೋಟ್ಯಂತರ ಜನರಿಗೆ ಮದ್ದು: ಯಾರು ಈ ಯಲ್ಲಾಪ್ರಗಡ ಸುಬ್ಬರಾವ್?

ಗರ್ಭಿಣಿ ಎಂದು ಗೊತ್ತಾದ ಕೂಡಲೇ ವೈದ್ಯರು ಬರೆದುಕೊಡುವ ಮೊದಲ ಮಾತ್ರೆಗಳಲ್ಲಿ ಫೋಲಿಕ್ ಆಸಿಡ್ ಒಂದು. ಸರ್ಕಾರಿ ಆಸ್ಪತ್ರೆಯಲ್ಲಿ ಇದನ್ನು ಕಬ್ಬಿಣಾಂಶದ ಜೊತೆ ಸೇರಿಸಿ ಉಚಿತವಾಗಿ ಕೊಡುತ್ತಾರೆ. ಮಗುವಿನ ಮೆದುಳು ಮತ್ತು ಬೆನ್ನುಹುರಿ ಸರಿಯಾಗಿ ಬೆಳೆಯಲು, ತಾಯಿಗೆ ರಕ್ತಹೀನತೆ ಬಾರದಿರಲು ಈ ಪುಟ್ಟ ಮಾತ್ರೆ ಬೇಕೇ ಬೇಕು. ಆದರೆ ಇದು ಪ್ರಯೋಗಾಲಯದಲ್ಲಿ ತಯಾರಾಗಿ ಜನರ ಕೈಗೆ ಬಂದದ್ದರ ಹಿಂದೆ ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಒಬ್ಬ ವಿಜ್ಞಾನಿ ಇದ್ದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಅವರೇ ಯಲ್ಲಾಪ್ರಗಡ ಸುಬ್ಬರಾವ್. ಕ್ಯಾನ್ಸರ್, ಆನೆಕಾಲು ರೋಗ, ಸೋಂಕು ಮತ್ತು ರಕ್ತಹೀನತೆಗೆ ಇಂದು ಬಳಸುವ ಹಲವು ಔಷಧಿಗಳ ಹಿಂದೆ ಅವರ ಶ್ರಮವಿದೆ. ಅವರನ್ನು ಈ ಹಾದಿಗೆ ತಂದದ್ದು ಸ್ವಂತ ಮನೆಯಲ್ಲಿ ನಡೆದ ದುರಂತ.

ಮೂರನೇ ಯತ್ನದಲ್ಲಿ ಮೆಟ್ರಿಕ್ ಪಾಸ್

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಶಾಲೆಯಲ್ಲಿ ಸುಬ್ಬರಾವ್ ಮುಂದಿದ್ದವರೇನೂ ಅಲ್ಲ. ಹದಿಮೂರರ ವಯಸ್ಸಿನಲ್ಲಿ ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಸಂಪಾದಿಸುವ ಆಸೆಯಿಂದ ಮನೆ ಬಿಟ್ಟು ಹೊರಟಿದ್ದರಂತೆ. ವೆಂಕಮ್ಮ ಬಿಡಲಿಲ್ಲ. ಮಗನನ್ನು ವಾಪಸ್ ಕರೆಸಿ ಮತ್ತೆ ಶಾಲೆಗೆ ಕಳಿಸಿದರು. ತಂದೆಯ ಸಾವು, ಮನೆಯ ಕಷ್ಟಗಳ ನಡುವೆ ಎರಡು ಬಾರಿ ಫೇಲಾಗಿ, ಮೂರನೇ ಯತ್ನದಲ್ಲಿ ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೆಟ್ರಿಕ್ ಮುಗಿಸಿದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಮನಸ್ಸು ಸನ್ಯಾಸದ ಕಡೆ ವಾಲಿತ್ತು. ರಾಮಕೃಷ್ಣ ಮಿಷನ್ ಸೇರಬೇಕೆಂದು ಹೋದರು. ವೈದ್ಯನಾಗಿಯೂ ಜನಸೇವೆ ಮಾಡಬಹುದು ಎಂದು ಅಲ್ಲಿನವರು ತಿಳಿಹೇಳಿದ ಮೇಲೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಫೀಸಿಗೆ ಸ್ನೇಹಿತರು ನೆರವಾದರು, ಮುಂದೆ ಮಾವನಾದ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ಕೈಹಿಡಿದರು. 1919ರಲ್ಲಿ ಶೇಷಗಿರಿಯವರ ಜೊತೆ ಮದುವೆಯಾಯಿತು.

ಖಾದಿ ಬಟ್ಟೆಗೆ ತೆತ್ತ ಬೆಲೆ

ಅದು ಗಾಂಧೀಜಿ ವಿದೇಶಿ ವಸ್ತು ಬಹಿಷ್ಕಾರಕ್ಕೆ ಕರೆ ಕೊಟ್ಟಿದ್ದ ಕಾಲ. ಸುಬ್ಬರಾವ್ ಖಾದಿ ತೊಟ್ಟು ಕಾಲೇಜಿಗೆ ಬಂದರು. ಶಸ್ತ್ರಚಿಕಿತ್ಸೆ ವಿಭಾಗದ ಇಂಗ್ಲಿಷ್ ಪ್ರಾಧ್ಯಾಪಕ ಬ್ರಾಡ್‌ಫೀಲ್ಡ್‌ಗೆ ಇದು ಸಹಿಸಲಿಲ್ಲ. ಉಳಿದ ವಿಷಯಗಳಲ್ಲಿ ಚೆನ್ನಾಗಿ ಬರೆದಿದ್ದರೂ ಸುಬ್ಬರಾವ್ ಅವರಿಗೆ ಎಂಬಿಬಿಎಸ್ ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್ ಸರ್ಟಿಫಿಕೇಟಿಗೆ ತೃಪ್ತಿಪಡಬೇಕಾಯಿತು. ಮದ್ರಾಸ್ ವೈದ್ಯಕೀಯ ಸೇವೆಯಲ್ಲಿ ಕೆಲಸಕ್ಕೆ ಯತ್ನಿಸಿದರೂ ಆಗಲಿಲ್ಲ. ಕೊನೆಗೆ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾ ಶಾಸ್ತ್ರ ಕಲಿಸುವ ಕೆಲಸಕ್ಕೆ ಸೇರಿದರು.

ಮನೆಗೆ ನುಗ್ಗಿದ ಸ್ಪ್ರೂ

ಇದೇ ವರ್ಷಗಳಲ್ಲಿ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಕಾರಣ, ಉಷ್ಣವಲಯದಲ್ಲಿ ಕಾಣಿಸಿಕೊಳ್ಳುವ ಸ್ಪ್ರೂ ಎಂಬ ಕಾಯಿಲೆ. ಇದರಲ್ಲಿ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ತಿಂದ ಆಹಾರದ ಸತ್ವ ರಕ್ತಕ್ಕೆ ಸೇರುವುದಿಲ್ಲ. ನಿಲ್ಲದ ಭೇದಿ, ನಾಲಿಗೆಯಲ್ಲಿ ಹುಣ್ಣು, ದಿನೇ ದಿನೇ ಇಳಿಯುವ ತೂಕ, ರಕ್ತಹೀನತೆ. ಆಗಿನ ವೈದ್ಯರ ಬಳಿ ಇದಕ್ಕೆ ಖಚಿತ ಔಷಧಿ ಇರಲಿಲ್ಲ.

ಸುಬ್ಬರಾವ್ ಅವರಿಗೂ ಅದೇ ಕಾಯಿಲೆ ಅಂಟಿತು. ಆಯುರ್ವೇದ ವೈದ್ಯ ಆಚಂಟ ಲಕ್ಷ್ಮೀಪತಿ ಅವರ ಆರೈಕೆಯಲ್ಲಿ ಅವರು ಚೇತರಿಸಿಕೊಂಡರು ಎಂದು ಜೀವನಚರಿತ್ರೆಗಳು ಹೇಳುತ್ತವೆ. ತಾನು ಬದುಕಿದೆ, ಒಡಹುಟ್ಟಿದವರು ಉಳಿಯಲಿಲ್ಲ ಎಂಬ ನೋವು ಅವರನ್ನು ಬಿಡಲಿಲ್ಲ. ರೋಗಿಗಳನ್ನು ನೋಡುವ ವೈದ್ಯನಾಗುವುದಕ್ಕಿಂತ ಔಷಧಿ ಹುಡುಕುವ ಸಂಶೋಧಕನಾಗಬೇಕು ಎಂಬ ನಿರ್ಧಾರ ಗಟ್ಟಿಯಾಯಿತು.

ಬೋಸ್ಟನ್‌ನಲ್ಲಿ ರಾತ್ರಿಪಾಳಿ

ಕಾಕಿನಾಡದ ಒಂದು ಧರ್ಮಸಂಸ್ಥೆ ಮತ್ತು ಮಾವ ಕೊಟ್ಟ ಹಣದಿಂದ 1922ರ ಅಕ್ಟೋಬರ್‌ನಲ್ಲಿ ಸುಬ್ಬರಾವ್ ಅಮೆರಿಕದ ಬೋಸ್ಟನ್ ತಲುಪಿದರು. ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಕುರಿತು ಡಿಪ್ಲೊಮಾ ಓದಲು ಸೇರಿದರು. ಅವರ ಭಾರತೀಯ ವೈದ್ಯಕೀಯ ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯಿರಲಿಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿ ಮಾಡಿದರು. ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವುದೂ ಆ ಕೆಲಸದಲ್ಲಿ ಸೇರಿತ್ತು.

ಬಳಿಕ ಹಾರ್ವರ್ಡ್‌ನ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಜೊತೆ ಸಂಶೋಧನೆ ಶುರುವಾಯಿತು. ರಕ್ತ ಮತ್ತು ಮೂತ್ರದಲ್ಲಿ ರಂಜಕದ ಪ್ರಮಾಣ ಅಳೆಯುವ ಇವರ ವಿಧಾನ 1925ರಲ್ಲಿ ಪ್ರಕಟವಾಯಿತು. ಇಂದಿಗೂ ಜೀವರಸಾಯನದ ವಿದ್ಯಾರ್ಥಿಗಳು ಅದನ್ನು ಫಿಸ್ಕ್-ಸುಬ್ಬರಾವ್ ವಿಧಾನ ಎಂದೇ ಕಲಿಯುತ್ತಾರೆ. 1927ರಲ್ಲಿ ಸ್ನಾಯುಗಳಲ್ಲಿರುವ ಫಾಸ್ಫೋಕ್ರಿಯಾಟಿನ್, 1929ರಲ್ಲಿ ಎಟಿಪಿ ಕುರಿತ ಸಂಶೋಧನೆ ಬಂತು. ನಾವು ನಡೆಯಲು, ಉಸಿರಾಡಲು ಬೇಕಾದ ಶಕ್ತಿ ಜೀವಕೋಶಕ್ಕೆ ಸಿಗುವುದು ಈ ಎಟಿಪಿಯಿಂದಲೇ. ಜರ್ಮನಿಯ ಕಾರ್ಲ್ ಲೋಹ್‌ಮನ್ ಕೂಡ ಅದೇ ವರ್ಷ ಪ್ರತ್ಯೇಕವಾಗಿ ಇದನ್ನು ಕಂಡುಹಿಡಿದಿದ್ದರು.

ಇಷ್ಟೆಲ್ಲ ಆದರೂ ಹಾರ್ವರ್ಡ್‌ನಲ್ಲಿ ಅವರಿಗೆ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧ ಕಂಪನಿ ಸೇರಿದರು. ಮುಂದೆ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾದರು.

ಮುಂಬೈ ಗಿರಣಿ ಕಾರ್ಮಿಕರ ನಂಟು

ಫೋಲಿಕ್ ಆಸಿಡ್ ಕಥೆಗೆ ಮುಂಬೈ ಜೊತೆಗೂ ನಂಟಿದೆ. 1928ರಲ್ಲಿ ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ ಮುಂಬೈಗೆ ಬಂದು, ಬಟ್ಟೆ ಗಿರಣಿಗಳ ಗರ್ಭಿಣಿ ಕಾರ್ಮಿಕರಲ್ಲಿ ಕಾಣುತ್ತಿದ್ದ ತೀವ್ರ ರಕ್ತಹೀನತೆಯ ಅಧ್ಯಯನ ಮಾಡಿದರು. ಯೀಸ್ಟ್‌ನಿಂದ ತಯಾರಾಗುವ ಮಾರ್ಮೈಟ್ ಕೊಟ್ಟರೆ ಆ ಮಹಿಳೆಯರು ಚೇತರಿಸಿಕೊಳ್ಳುತ್ತಿದ್ದರು. ಅದರಲ್ಲಿ ಏನೋ ಒಂದು ಸತ್ವವಿದೆ ಎಂಬುದು ಸ್ಪಷ್ಟವಾಯಿತು. ಆದರೆ ಅದೇನು ಎಂಬುದು ಆಗ ತಿಳಿಯಲಿಲ್ಲ.

ಆ ಸತ್ವವನ್ನು ಶುದ್ಧ ರೂಪದಲ್ಲಿ ಹಿಡಿದಿಡಲು ಹಲವು ಪ್ರಯೋಗಾಲಯಗಳು ಪೈಪೋಟಿಗೆ ಇಳಿದವು. ಸುಬ್ಬರಾವ್ ಮುಂದಾಳತ್ವದ ಲೆಡರ್ಲಿ ತಂಡ 1945ರಲ್ಲಿ ಫೋಲಿಕ್ ಆಸಿಡ್ ಅನ್ನು ಕೃತಕವಾಗಿ ತಯಾರಿಸಿ ತೋರಿಸಿತು. ಅದನ್ನು ಸ್ಪ್ರೂ ರೋಗಿಗಳಿಗೆ ಕೊಟ್ಟಾಗ ರಕ್ತಹೀನತೆ ಕಡಿಮೆಯಾಗಿ ಅವರು ಚೇತರಿಸಿಕೊಂಡರು. ಸಹೋದರರು ತೀರಿಕೊಂಡ ಎರಡು ದಶಕಗಳ ಬಳಿಕ ಅದೇ ಕಾಯಿಲೆಗೆ ಮದ್ದು ಸಿಕ್ಕಿತ್ತು!

ಕ್ಯಾನ್ಸರ್‌ನಿಂದ ಆನೆಕಾಲು ರೋಗದವರೆಗೆ

ಫೋಲಿಕ್ ಆಸಿಡ್ ಜೀವಕೋಶಗಳು ಬೆಳೆಯಲು ನೆರವಾಗುತ್ತದೆ. ಹಾಗಾದರೆ ಅದಕ್ಕೆ ಅಡ್ಡಿಪಡಿಸುವ ಔಷಧಿ ಕೊಟ್ಟರೆ ಕ್ಯಾನ್ಸರ್ ಕೋಶಗಳ ಬೆಳವಣಿಗೆ ನಿಲ್ಲಬಹುದೇ? ಬೋಸ್ಟನ್‌ನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ಇದನ್ನು ಪರೀಕ್ಷಿಸಲು ಹೊರಟಾಗ ಸುಬ್ಬರಾವ್ ತಂಡ ಅಮಿನಾಪ್ಟೆರಿನ್ ಎಂಬ ಔಷಧಿ ತಯಾರಿಸಿ ಕೊಟ್ಟಿತು. ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ಸುಧಾರಣೆ ಕಂಡಿತು. ಅದು ತಾತ್ಕಾಲಿಕವಾಗಿತ್ತು. ಆದರೂ ಅಲ್ಲಿಯವರೆಗೆ ಕೈಚೆಲ್ಲಿ ಕೂರುತ್ತಿದ್ದ ವೈದ್ಯರಿಗೆ ಮೊದಲ ಬಾರಿಗೆ ದಾರಿ ಕಂಡಿತು. 1948ರ ಜೂನ್‌ನಲ್ಲಿ ಈ ವರದಿ ಪ್ರಕಟವಾಯಿತು. ಇದೇ ಕುಟುಂಬದ ಮೆಥೊಟ್ರೆಕ್ಸೇಟ್ ಇಂದು ಹಲವು ಕ್ಯಾನ್ಸರ್‌ಗಳಿಗೆ, ಸಂಧಿವಾತಕ್ಕೆ ಬಳಕೆಯಾಗುತ್ತಿದೆ.

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋಗಿದ್ದ ಅಮೆರಿಕದ ಸೈನಿಕರಿಗೆ ಫೈಲೇರಿಯಾ ತಗುಲಿತ್ತು. ಅದಕ್ಕೆ ಔಷಧಿ ಹುಡುಕಿದ ತಂಡ 1947ರಲ್ಲಿ ಡಿಇಸಿ ಮಾತ್ರೆಯನ್ನು ಕೊಟ್ಟಿತು. ಕಲಬುರಗಿ, ಬೀದರ್ ಭಾಗದಲ್ಲಿ ಆನೆಕಾಲು ರೋಗ ತಡೆಯಲು ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ತಂದು ನುಂಗಿಸಿದ್ದು ಇದೇ ಮಾತ್ರೆ.

1948ರಲ್ಲಿ ಅದೇ ಪ್ರಯೋಗಾಲಯದಿಂದ ಆರಿಯೊಮೈಸಿನ್ ಹೊರಬಂತು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಆ್ಯಂಟಿಬಯಾಟಿಕ್ ಇದು. ಮಣ್ಣಿನ ಮಾದರಿಯಿಂದ ಇದನ್ನು ಪತ್ತೆಹಚ್ಚಿದವರು 70 ದಾಟಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್. ಸ್ಪ್ರೂ ಕಾಯಿಲೆಗೆ ಇಂದು ವೈದ್ಯರು ಕೊಡುವ ಚಿಕಿತ್ಸೆ ಏನು ಗೊತ್ತೇ? ಫೋಲಿಕ್ ಆಸಿಡ್ ಮತ್ತು ಟೆಟ್ರಾಸೈಕ್ಲಿನ್. ಎರಡರ ಬೇರೂ ಸುಬ್ಬರಾವ್ ಅವರ ಪ್ರಯೋಗಾಲಯದಲ್ಲೇ ಇದೆ.

ಮರಳಿ ಬಾರದ ಪಯಣ

ಸುಬ್ಬರಾವ್ ಹಡಗು ಹತ್ತಿದಾಗ ಪತ್ನಿ ಶೇಷಗಿರಿ ತುಂಬು ಗರ್ಭಿಣಿ. ಮಗ ಹುಟ್ಟಿದ, ಆದರೆ ಸೋಂಕಿನಿಂದ ವರ್ಷ ತುಂಬುವ ಮೊದಲೇ ತೀರಿಕೊಂಡ. ತಂದೆ ಮಗನ ಮುಖ ನೋಡಲೇ ಇಲ್ಲ. ಓದು, ಸಂಶೋಧನೆ, ಯುದ್ಧ ಹೀಗೆ ವರ್ಷಗಳು ಉರುಳಿ ಹೋದವು. ಪತಿ ಬರುತ್ತಾರೆ ಎಂದು ಕಾದ ಶೇಷಗಿರಿ ಅವರಿಗೂ ಸುಬ್ಬರಾವ್ ಮತ್ತೆ ಸಿಗಲಿಲ್ಲ. ಕೋಟ್ಯಂತರ ತಾಯಂದಿರಿಗೆ ನೆರವಾದ ಔಷಧಿಯ ಕಥೆ ಹೇಳುವಾಗ ಈ ತಾಯಿಯ ಪಾಲಿಗೆ ಬಂದದ್ದೇನು ಎಂಬುದನ್ನೂ ಹೇಳಲೇಬೇಕು.

1948ರ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ ಸುಬ್ಬರಾವ್ ಪರ್ಲ್ ರಿವರ್‌ನ ತಮ್ಮ ಮನೆಯಲ್ಲಿ ನಿದ್ದೆಯಲ್ಲೇ ಕೊನೆಯುಸಿರೆಳೆದರು. ಸ್ವಂತ ಹೆಸರಿನ ಪ್ರಚಾರಕ್ಕೆ ಅವರು ಎಂದೂ ಹೋಗಲಿಲ್ಲ. ಭಾರತದ ಅಂಚೆ ಇಲಾಖೆ 1995ರಲ್ಲಿ, ಜನ್ಮ ಶತಮಾನೋತ್ಸವದ ವರ್ಷ, ಅವರ ಅಂಚೆಚೀಟಿ ಹೊರತಂದಿತು.

ಇವು ನೆನಪಿರಲಿ

ಪಾಲಕ್‌ನಂಥ ಸೊಪ್ಪು, ಕಡಲೆ, ಹೆಸರುಕಾಳು, ಕಿತ್ತಳೆಯಲ್ಲಿ ಫೋಲೇಟ್ ಇದೆ. ಸೊಪ್ಪನ್ನು ಹೆಚ್ಚು ಹೊತ್ತು ಬೇಯಿಸಿ ನೀರು ಚೆಲ್ಲಿದರೆ ಅದು ನಷ್ಟವಾಗುತ್ತದೆ. ಗರ್ಭಧಾರಣೆಗೆ ಯೋಜಿಸುತ್ತಿರುವವರು ಮೊದಲೇ ವೈದ್ಯರನ್ನು ಕಂಡು ಫೋಲಿಕ್ ಆಸಿಡ್ ಶುರು ಮಾಡುವುದು ಒಳ್ಳೆಯದು, ಏಕೆಂದರೆ ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಕೆಲವೇ ವಾರಗಳಲ್ಲಿ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಬರೆದುಕೊಟ್ಟಿದ್ದರೆ ಅದನ್ನು ಸಾಮಾನ್ಯವಾಗಿ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ಪ್ರತಿದಿನ ನುಂಗಿದರೆ ಪ್ರಾಣಕ್ಕೇ ಅಪಾಯ. ಚೀಟಿಯಲ್ಲಿ ಬರೆದದ್ದು ಸ್ಪಷ್ಟವಾಗದಿದ್ದರೆ ಮಾತ್ರೆ ತೆಗೆದುಕೊಳ್ಳುವ ಮೊದಲೇ ವೈದ್ಯರನ್ನು ಕೇಳಿ.