ಬರಿಗಾಲಿನ ನಿರ್ದೇಶಕ ಜಿ. ವಿ. ಅಯ್ಯರ್

ಮಂತ್ರಾಲಯ ಕೋಸಗಿಗೆ ನೆರೆಯೂರು. ಹೀಗಾಗಿ ಭಕ್ತಿಚಿತ್ರವೆಂದೊಡನೆ ನಮಗೆ ನೆನಪಾಗುವುದು ರಾಜಕುಮಾರರು ರಾಯರಾಗಿ ನಟಿಸಿದ 1966ರ ‘ಮಂತ್ರಾಲಯ ಮಹಾತ್ಮೆ’. ಪವಾಡವನ್ನು ತೆರೆಯ ಮೇಲೆ ತೋರಿಸಬಹುದು. ಆದರೆ ಸಂನ್ಯಾಸಿಯೊಬ್ಬನ ಮನಸ್ಸಿನೊಳಗೆ ನಡೆಯುವ ಮೋಹ ಮತ್ತು ವೈರಾಗ್ಯಗಳ ಹೋರಾಟವನ್ನು ಕ್ಯಾಮೆರಾ ಹೇಗೆ ಹಿಡಿದೀತು? ಈ ಕಷ್ಟದ ಕೆಲಸಕ್ಕೆ ಕೈಹಾಕಿದವರು ಜಿ. ವಿ. ಅಯ್ಯರ್.

ಗಣಪತಿ ವೆಂಕಟರಮಣ ಅಯ್ಯರ್ ಅವರು 1917ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ಎಂಟನೆಯ ವಯಸ್ಸಿಗೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಶಾಲೆಯ ಹುಡುಗರೇ, ನಿಮ್ಮಲ್ಲಿ ಮೂರನೆಯ ತರಗತಿಯ ತಮ್ಮನಿದ್ದರೆ ಅವನ ವಯಸ್ಸು ಅದು! 1943ರ ‘ರಾಧಾರಮಣ’ದಿಂದ ಚಿತ್ರರಂಗಕ್ಕೆ ಬಂದರು. ರಾಜಕುಮಾರರು ಮೊದಲ ಬಾರಿ ನಾಯಕರಾದ ‘ಬೇಡರ ಕಣ್ಣಪ್ಪ’ದ (1954) ಬರವಣಿಗೆಯಲ್ಲಿ ಅವರ ಕೈಯಿತ್ತು. ಅದು ನಮ್ಮ ಆಂಧ್ರದ ಶ್ರೀಕಾಳಹಸ್ತಿಯ ಶಿವನಿಗೆ ಕಣ್ಣನ್ನೇ ಕಿತ್ತುಕೊಟ್ಟ ಬೇಡನ ಕಥೆ. ಅಲ್ಲಿ ಭಕ್ತನನ್ನು ಪರೀಕ್ಷಿಸಲು ದೇವರು ಹೊರಗಿನಿಂದ ಬರುತ್ತಾನೆ.

ಬಳಿಕ ಹಾಡು, ಸಂಭಾಷಣೆ, ನಿರ್ದೇಶನ ಎಂದು ಬಹಳ ವರ್ಷ ದುಡಿದರು. 1975ರಲ್ಲಿ ಸಂಗೀತಗಾರನೊಬ್ಬನ ಅಹಂಕಾರ ಮತ್ತು ಸಾಧನೆಯನ್ನು ಕುರಿತ ‘ಹಂಸಗೀತೆ’ಯನ್ನು ತೆಗೆದರು. ಅಲ್ಲಿಂದ ಅವರ ದಾರಿ ಬೇರೆಯಾಯಿತು.

1983ರಲ್ಲಿ ‘ಆದಿ ಶಂಕರಾಚಾರ್ಯ’ ಬಂತು. ಅದು ಸಂಸ್ಕೃತದ ಮೊದಲ ಚಲನಚಿತ್ರ. ಮನೆಯಲ್ಲಿ ಯಾರೂ ಆಡದ ಭಾಷೆಯ ಚಿತ್ರಕ್ಕೆ ಟಿಕೀಟು ಕೊಳ್ಳುವವರಾರು? ಅಯ್ಯರ್ ಹಿಂಜರಿಯಲಿಲ್ಲ. ಚಿತ್ರದಲ್ಲಿ ತಂದೆ ತೀರಿಕೊಂಡ ಮೇಲೆ ಬಾಲಕ ಶಂಕರನಿಗೆ ಮೃತ್ಯು ಮತ್ತು ಪ್ರಜ್ಞಾನ ಇಬ್ಬರೂ ಗೆಳೆಯರಾಗುತ್ತಾರೆ. ಮನುಷ್ಯರೂಪದಲ್ಲೇ ಅವನ ಜೊತೆ ದಾರಿ ನಡೆಯುತ್ತಾರೆ. ಕನಸಿನ ಸಂಗತಿಯನ್ನು ಹಗಲಿನ ಬೆಳಕಿನಲ್ಲಿ ನಿಲ್ಲಿಸುವ ಇಂಥ ರೀತಿಗೆ ಪಶ್ಚಿಮದಲ್ಲಿ ಅತಿವಾಸ್ತವವಾದವೆಂಬ ಹೆಸರಿದೆ. ಅಯ್ಯರ್ ಆ ಪಂಥದವರಲ್ಲ. ಆ ಪಂಥದ ಹೆಸರಾಂತ ನಿರ್ದೇಶಕ, ಸ್ಪೇನಿನ ಲೂಯಿ ಬುನ್ಯುಯೆಲ್, 1965ರಲ್ಲಿ ಕಂಬದ ಮೇಲೆ ನಿಂತು ತಪಸ್ಸು ಮಾಡುವ ಸಂತನ ಚಿತ್ರ ತೆಗೆದಿದ್ದ. ಅಲ್ಲಿ ಸೈತಾನನು ಹೆಣ್ಣಿನ ವೇಷದಲ್ಲಿ ಬಂದು ಸಂತನನ್ನು ಕಾಡುತ್ತಾನೆ. ಬುನ್ಯುಯೆಲ್‌ನದು ಕುಹಕದ ನಗೆ. ಅಯ್ಯರ್ ಅವರಲ್ಲಾದರೋ ಸಾವು ಶತ್ರುವಲ್ಲ, ಜೊತೆಗಾರ. ನನಗಂತೂ ಇದೇ ಹೆಚ್ಚು ಧೈರ್ಯದ ಕಲ್ಪನೆ ಎನಿಸುತ್ತದೆ.

ಆ ಚಿತ್ರಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರ ಪ್ರಶಸ್ತಿ ದೊರೆಯಿತು. ಮುಂದೆ ಕನ್ನಡದಲ್ಲಿ ‘ಮಧ್ವಾಚಾರ್ಯ’ (1986), ತಮಿಳಿನಲ್ಲಿ ‘ರಾಮಾನುಜಾಚಾರ್ಯ’ (1989) ಬಂದವು. ನಮ್ಮ ರಾಯರು ಮಧ್ವಪರಂಪರೆಯವರಾದ್ದರಿಂದ ಇವುಗಳಲ್ಲಿ ಮೊದಲನೆಯದನ್ನು ಈ ಕಡೆಯವರು ನೋಡಲೇಬೇಕು. ಸಂಸ್ಕೃತದ ‘ಭಗವದ್ಗೀತೆ’ಗೆ ಮತ್ತೊಮ್ಮೆ ಅದೇ ಪ್ರಶಸ್ತಿ ಬಂತು.

ಚಪ್ಪಲಿ ಮೆಟ್ಟದೆ ಓಡಾಡುತ್ತಿದ್ದ ಅವರನ್ನು ಜನ ಬರಿಗಾಲಿನ ನಿರ್ದೇಶಕರೆಂದೇ ಕರೆಯುತ್ತಿದ್ದರು. ಎಂಬತ್ತು ದಾಟಿದ ಮೇಲೂ ರಾಮಾಯಣವನ್ನು ಚಿತ್ರ ಮಾಡುವ ಯೋಜನೆಯಲ್ಲಿ ತೊಡಗಿದ್ದರು. ಅದು ಕೈಗೂಡುವ ಮೊದಲೇ, 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ನಿಧನರಾದರು.